ಮೋರಿಯಕ್ಕ ಕಣ್ಣು ಮುಚ್ಚಿದ್ದು

ದಾನದ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಈ ಕಥೆಯನ್ನು ಮೂವರು ಹೇಳುತ್ತಾರೆ. ಒಬ್ಬಳು ಮೋರಿಯಕ್ಕನ ಸೊಸೆ. ಇನ್ನೊಬ್ಬಳು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಮೂರನೆಯವನು ಆ ದಿನ ಗೋಡೆ ಕಟ್ಟಲೆಂದು ಬಂದಿದ್ದ ಗಾರೆಯವನು. ಸೊಸೆ ಹೇಳಿದರೆ ಕಥೆ ಚಿಕ್ಕದು. ಬಟ್ಟೆ ಒಗೆಯುವವಳು ಹೇಳಿದರೆ ಅರ್ಧ ಕಥೆ, ಅರ್ಧ ನಗು. ಗಾರೆಯವನು ತಾನು ಬಿಸಿಲಲ್ಲಿ ಕಾದು ಕೂತ ಸಿಟ್ಟನ್ನೂ ಸೇರಿಸಿ ಹೇಳುವುದರಿಂದ ಅವನ ಕಥೆ ಎಲ್ಲರದಕ್ಕಿಂತ ಉದ್ದ. ಮೂವರೂ ಒಪ್ಪುವುದನ್ನು ಇಲ್ಲಿ ಹಾಗೆಯೇ ಇಟ್ಟಿದ್ದೇನೆ. ಒಪ್ಪದ ಕಡೆಗಳಲ್ಲಿ ಯಾರು ಏನೆಂದರು ಎಂಬುದನ್ನು ತಿಳಿಸಿದ್ದೇನೆ.

ಮೋರಿಯಕ್ಕನ ಕೆಲಸ ಮೋರಿ. ವಾರ್ಡುಗಳ ನೀರೆಲ್ಲ ಬಂದು ಸೇರುವ ಗುಂಡಿ ಆಸ್ಪತ್ರೆಯ ಹಿತ್ತಲಲ್ಲಿತ್ತು. ಅದರಲ್ಲಿ ಹತ್ತಿ ಬರುತ್ತಿತ್ತು, ಕೂದಲು ಬರುತ್ತಿತ್ತು, ರಕ್ತ ಮೆತ್ತಿದ ಬ್ಯಾಂಡೇಜು ಬರುತ್ತಿತ್ತು, ಒಮ್ಮೊಮ್ಮೆ ಯಾರೂ ಹೆಸರು ಹೇಳಲು ಇಷ್ಟಪಡದ ವಸ್ತುಗಳೂ ಬರುತ್ತಿದ್ದವು. ಗುಂಡಿ ಕಟ್ಟಿಕೊಂಡಾಗ ಅವಳು ಇಳಿಯುತ್ತಿದ್ದಳು. ಮೇಲಿನ ಹೂಳಿಗೆ ಸಲಿಕೆ ಸಾಕು. ಕೊಳವೆ ತಿರುಗುವ ಕಡೆ ಸಲಿಕೆ ಹೋಗುವುದಿಲ್ಲ, ಕೈ ಹೋಗಬೇಕು. ಭುಜದವರೆಗೆ ತೋಳು ಹಾಕಿ, ಕೆನ್ನೆಯನ್ನು ಗುಂಡಿಯ ಗೋಡೆಗೆ ಒತ್ತಿ, ಉಸಿರು ಹಿಡಿದು, ಬೆರಳ ತುದಿಗೆ ಸಿಕ್ಕಿದ್ದನ್ನು ಎಳೆಯುತ್ತಿದ್ದಳು. ಒಮ್ಮೆ ಸಿಕ್ಕಿದ್ದು ಮುರಿದ ಸೂಜಿ. ಬೆರಳು ಊದಿ ಹಣ್ಣಾಯಿತು. ಅವಳಿಗೆ ಕೈಗವಸು ಕೊಡತಕ್ಕದ್ದು ಎಂದು ಆಸ್ಪತ್ರೆಯ ಆಡಳಿತ ಮಂಡಳಿ ಆಗ ತೀರ್ಮಾನಿಸಿತು. ತೀರ್ಮಾನ ಇಂದಿಗೂ ಜಾರಿಯಲ್ಲಿದೆ. ಕೈಗವಸು ಬಂದಿಲ್ಲ.

ಓಣಿಯಲ್ಲಿ ಅವಳನ್ನು ಹಿರಿಯಕ್ಕ ಎನ್ನುತ್ತಿದ್ದರು. ಆಫೀಸಿನಲ್ಲಿ ಮೋರಿಯಕ್ಕ. ಅವಸರವಿದ್ದರೆ ಬರೀ ಮೋರಿ. ಕಥೆ ಹೇಳುವವರು ಆಫೀಸಿನ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಯಾಕೆಂದು ಕೇಳಿದ್ದಕ್ಕೆ ಬಟ್ಟೆ ಒಗೆಯುವವಳು, ಆ ಹೆಸರು ಇಟ್ಟವರು ಕಥೆ ಮುಗಿಯುವವರೆಗೂ ಅದನ್ನು ಕೇಳಲಿ ಎಂದಳು.

ಓಣಿಗೂ ಆಸ್ಪತ್ರೆಗೂ ನಡುವೆ ಒಂದು ಹಿಂಬಾಗಿಲಿತ್ತು. ಬಾಗಿಲೆಂದರೆ ಕಾಂಪೌಂಡಿನಲ್ಲಿ ಬಿಟ್ಟ ಜಾಗ, ಅದಕ್ಕೊಂದು ಜೋತುಬಿದ್ದ ತಗಡಿನ ಕದ. ಓಣಿಗೆ ನೀರು ಕೊಡುವ ನಲ್ಲಿ ಆ ಬಾಗಿಲಿನ ಆಚೆ. ಹೆರಿಗೆ ವಾರ್ಡೂ ಅದರಾಚೆಯೇ. ಮುಂಬಾಗಿಲಿನಲ್ಲಿ ಒಬ್ಬ ಕಾವಲುಗಾರನಿದ್ದ. ಓಣಿಯವರನ್ನು ಒಳಗೆ ಬಿಡಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನೇ ಮೂಗಿನಿಂದ ತಿಳಿದುಕೊಳ್ಳುತ್ತಿದ್ದ. ನಿಮ್ಮ ಬಾಗಿಲು ಹಿಂದಿದೆಯಲ್ಲ ಎಂದು ತಿರುಗಿಸಿ ಕಳಿಸುತ್ತಿದ್ದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಓಣಿಯ ಮಕ್ಕಳೆಲ್ಲ ಹಿಂಬಾಗಿಲಿನಿಂದ ಹೋದ ತಾಯಂದಿರಿಗೇ ಹುಟ್ಟಿದವರು. ಈ ಕಥೆ ನಡೆಯುವಾಗ ಮೋರಿಯಕ್ಕನ ಸೊಸೆಗೂ ದಿನ ತುಂಬಿತ್ತು.

ಇಂಥ ಮೋರಿಯಕ್ಕ ಆಡಳಿತ ಮಂಡಳಿಯ ಸದಸ್ಯೆಯೂ ಆಗಿದ್ದಳು. ಕೇಳುವವರು ಇಲ್ಲಿ ತಪ್ಪದೆ ನಗುತ್ತಾರೆ, ಹೇಳುವವರು ನಗಲೆಂದು ನಿಲ್ಲಿಸುತ್ತಾರೆ. ಕೆಳಗಿನ ಕೆಲಸದವರಲ್ಲಿ ಒಬ್ಬರಾದರೂ ಮಂಡಳಿಯಲ್ಲಿರಬೇಕು, ಇಲ್ಲದಿದ್ದರೆ ಹಣ ಕಳಿಸುವುದಿಲ್ಲ ಎಂದು ದೂರದ ದಾನಿಗಳು ಷರತ್ತು ಹಾಕಿದ್ದರು. ಆಸ್ಪತ್ರೆಯ ಅಧ್ಯಕ್ಷರು ಬಹಳ ಯೋಚನೆ ಮಾಡಿ, ಮಾತು ಅತಿ ಕಡಿಮೆ ಆಡುವವಳನ್ನು ಆರಿಸಿದರು. ಸಭೆಯ ದಿನ ಅವಳು ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಹಾಜರಿಗೆ ಅವಳು ಹಾಕುವ ಗೀಟಿಗಾಗಿ ಕಿಟಕಿಯ ಕಟ್ಟೆಯ ಮೇಲೆ ಒಂದು ಬೇರೆ ಪೆನ್ನು ಇಟ್ಟಿದ್ದರು. ಒಳಗೆ ಚಹಾ ಕುಡಿದಾದ ಮೇಲೆ ಪುಸ್ತಕ ಹೊರಗೆ ಬರುತ್ತಿತ್ತು, ಗೀಟು ಹಾಕಿಸಿಕೊಂಡು ಒಳಗೆ ಹೋಗುತ್ತಿತ್ತು. ವರ್ಷದ ವರದಿಯಲ್ಲಿ ಅವಳ ಫೋಟೋ ಮುಖಪುಟದಲ್ಲೇ ಬರುತ್ತಿತ್ತು. ಅದನ್ನು ತೆಗೆದದ್ದು ಹಿತ್ತಲಲ್ಲಿ.

ಹೀಗೇ ನಡೆದಿರುತ್ತಿತ್ತೋ ಏನೋ, ಬ್ಯಾಂಕಿನವರು ಚೆಕ್ಕು ನಿಲ್ಲಿಸಿದರು.

ಅಲ್ಲಿಯವರೆಗೆ ಪ್ರತಿ ಚೆಕ್ಕಿಗೂ ಅಧ್ಯಕ್ಷರದೊಂದು, ಖಜಾಂಚಿಯವರದೊಂದು, ಎರಡು ಸಹಿ ಬೀಳುತ್ತಿದ್ದವು. ಯಾರು ಮೊದಲು ಮಾಡಿದರು, ಯಾರು ಆಮೇಲೆ ಎಂದು ಕಾಗದದ ಮೇಲೆ ಗೊತ್ತಾಗುತ್ತಿರಲಿಲ್ಲ. ಹೊಸ ಕ್ರಮದಲ್ಲಿ ಒಬ್ಬರು ಕಂಪ್ಯೂಟರಿನಲ್ಲಿ ಹಣದ ವಿವರ ಬರೆಯಬೇಕು, ಇನ್ನೊಬ್ಬರು ಫೋನಿನಲ್ಲಿ ನೋಡಿ ಒಪ್ಪಿಗೆ ಕೊಡಬೇಕು. ಬರೆದವರೇ ಒಪ್ಪುವ ಹಾಗಿಲ್ಲ. ಗುಮಾಸ್ತ ಬರೆಯಲಿ, ಅದರಲ್ಲಿ ತಕರಾರಿಲ್ಲ. ಒಪ್ಪುವವರು ಯಾರು? ಖಜಾಂಚಿ ಒಪ್ಪುವುದಾದರೆ ತಾನು ಅವನ ಅಪ್ಪಣೆಗೆ ಕಾಯಬೇಕೇ ಎಂದರು ಅಧ್ಯಕ್ಷರು. ಅಧ್ಯಕ್ಷರು ಒಪ್ಪುವುದಾದರೆ ಖಜಾಂಚಿ ಎಂಬ ಹುದ್ದೆ ಯಾಕಿರಬೇಕು ಎಂದರು ಖಜಾಂಚಿ. ಉಳಿದ ಸದಸ್ಯರಲ್ಲಿ ಕೆಲವರು ಇವರ ಕಡೆ, ಕೆಲವರು ಅವರ ಕಡೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ಸಭೆ ಕಾವೇರಿತು. ಕೊನೆಗೆ ಇಬ್ಬರಿಗೂ ಅನುಮಾನವಿಲ್ಲದ ಒಂದೇ ಒಂದು ಹೆಸರು ಸಿಕ್ಕಿತು. ಅವಳು ಯಾರ ಕಡೆಯವಳೂ ಅಲ್ಲ, ಏಕೆಂದರೆ ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೀಗೆ ಆಸ್ಪತ್ರೆಯ ಎಲ್ಲ ಹಣಕ್ಕೂ ಒಪ್ಪಿಗೆ ಕೊಡುವ ಅಧಿಕಾರ, ಒಮ್ಮತದಿಂದ, ಕಿಟಕಿಯ ಹೊರಗೆ ನಿಂತವಳಿಗೆ ಹೋಯಿತು. ಅವಳಿಗೆ ಹೇಳಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಫೋನು ತಂದ ಬ್ಯಾಂಕಿನ ಹುಡುಗಿ ಹೊಸಬಳು. ಇಲ್ಲಿನ ರೀತಿ ಅವಳಿಗೆ ತಿಳಿಯದು. ಸದಸ್ಯರ ಮುಖವನ್ನು ಫೋನಿಗೆ ಗುರುತು ಮಾಡಿಸಬೇಕು, ಒಳಗೆ ಕರೆಯಿರಿ ಎಂದಳು. ಅಧ್ಯಕ್ಷರು ಹೊರಗೆ ಬೆಳಕು ಚೆನ್ನಾಗಿದೆ ಎಂದರು. ಹುಡುಗಿ ಹಿತ್ತಲಿಗೆ ಬಂದಳು. ಓದಲು ಬರುತ್ತದೆಯೇ ಎಂದು ಕೇಳಿ, ಬರುವುದಿಲ್ಲ ಎಂದಾಗ ಫೋನಿನಲ್ಲಿ ಏನೋ ತಿರುವಿದಳು.

"ಇದು ನಿಮಗೆ ಓದಿ ಹೇಳತ್ತಮ್ಮ. ಯಾರಿಗೆ ಹಣ, ಯಾತಕ್ಕೆ ಹಣ, ಎಲ್ಲ ಹೇಳತ್ತೆ. ಕೇಳಿಸ್ಕೊಂಡು ಸರಿ ಅನ್ನಿಸಿದ್ರೆ ಹಸಿರು ಒತ್ತಿ. ಇಲ್ದಿದ್ರೆ ಕೆಂಪು."

"ಬೇಡ ಅನ್ನಬಹುದಾ?" ಎಂದಳು ಮೋರಿಯಕ್ಕ.

"ಅನ್ನಬಹುದು. ಅದಕ್ಕೇ ತಾನೆ ಇನ್ನೊಬ್ಬರು ಇರೋದು."

ಅಧ್ಯಕ್ಷರು ನಕ್ಕರು. ಬ್ಯಾಂಕಿನವರು ಹಾಗೆಲ್ಲ ಹೇಳಬೇಕಾಗುತ್ತದೆ ಎಂದರು. ಹುಡುಗಿ ಹೋದ ಮೇಲೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗುಮಾಸ್ತನ ಮೇಜಿನ ಖಾನೆಯಲ್ಲಿಟ್ಟರು.

ಮುಂದಿನ ಭಾಗ ಬಟ್ಟೆ ಒಗೆಯುವವಳದು. ಅವಳು ಹೇಳುವಂತೆ ಯಾರೂ ಹೇಳಲಾರರು. ಹಣ ಕೊಡಬೇಕಾದಾಗಲೆಲ್ಲ ಗುಮಾಸ್ತ ಚೀಲ ಹಿಡಿದು ಹಿತ್ತಲಿಗೆ ಬರಬೇಕಾಯಿತು. ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ, ಇನ್ನೊಂದು ಕೈಯಲ್ಲಿ ಉದ್ದಕ್ಕೆ ಚಾಚಿದ ಫೋನು. ಗುಂಡಿಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದನಂತೆ. ಮೊದಲ ದಿನ ಫೋನು ಅವಳ ಗುರುತು ಹಿಡಿಯಲಿಲ್ಲ. ಮೂಗಿಗೆ ಕಟ್ಟಿದ ಬಟ್ಟೆ ತೆಗೆ ಎಂದ. ತೆಗೆದಳು. ಕೆಸರಿದ್ದುದಕ್ಕೆ ಆಗಲೂ ಹಿಡಿಯಲಿಲ್ಲ. ಒರೆಸಿಕೋ ಎಂದ. ಒರೆಸಿಕೊಂಡ ಕೈಯಲ್ಲಿ ಇನ್ನಷ್ಟು ಕೆಸರಿತ್ತು. ಕೊನೆಗೆ ಗುಮಾಸ್ತ ತಾನೇ ನಲ್ಲಿಗೆ ಹೋಗಿ ಚೊಂಬಿನಲ್ಲಿ ನೀರು ತಂದು ಮೇಲಿಂದ ಸುರಿದ. ಎರಡನೆಯ ವಾರಕ್ಕೆ ಸೋಪು ತಂದ. ಮೂರನೆಯ ವಾರಕ್ಕೆ ಕೂದಲು ಹಿಂದಕ್ಕೆ ಸರಿಸಿಕೋ, ನೆರಳು ಬೀಳ್ತಿದೆ ಎನ್ನುವಷ್ಟು ಪಳಗಿದ. ಹಿರಿಯಕ್ಕಾ, ನಿಮ್ಮ ಮದುವೇಲೂ ಯಾರೂ ಇಷ್ಟು ಸಲ ಮುಖ ತೋರ್ಸು ಅಂದಿರಲಿಕ್ಕಿಲ್ಲ ಎಂದು ಬಟ್ಟೆ ಒಗೆಯುವವಳು ಆಚೆಯಿಂದ ಕೂಗುತ್ತಿದ್ದಳು. ಮೋರಿಯಕ್ಕ ಫೋನಿನ ಮಾತು ಕೇಳುತ್ತಿದ್ದಳು.

ಏಕೆಂದರೆ ಫೋನು ಮಾತಾಡುತ್ತಿತ್ತು. ಮಾನ್ಯ ಸದಸ್ಯರೇ ಎಂದು ಶುರು ಮಾಡುತ್ತಿತ್ತು. ಔಷಧದ ಅಂಗಡಿಗೆ ಇಷ್ಟು, ವಿದ್ಯುತ್ತಿಗೆ ಇಷ್ಟು, ಅತಿಥಿಗಳ ಊಟಕ್ಕೆ ಇಷ್ಟು ಎಂದು ಹೇಳಿ, ತಾವು ಒಪ್ಪುವಿರಾ, ದಯವಿಟ್ಟು ತಮ್ಮ ಮುಖ ತೋರಿಸಿ ಎನ್ನುತ್ತಿತ್ತು. ಆ ಆಸ್ಪತ್ರೆಯಲ್ಲಿ ಅವಳನ್ನು ತಾವು ಎಂದದ್ದು ಅದೊಂದೇ. ಡಬ್ಬಿಗಾದರೂ ಮರ್ಯಾದೆ ಗೊತ್ತಲ್ಲ ಎಂದು ಓಣಿಯವರು ಆಡಿಕೊಂಡರು. ಗುಮಾಸ್ತನಿಗೆ ಆ ದನಿ ನೊಣದ ಸದ್ದು. ಮುಗಿಯಲೆಂದು ಕಾಯುತ್ತಿದ್ದ. ಮುಖ ಸಿಕ್ಕ ಕೂಡಲೇ ಹಸಿರು ಗುರುತೂ ಕೆಂಪು ಗುರುತೂ ಮೂಡುತ್ತಿದ್ದವು. ಅವನ ಹೆಬ್ಬೆರಳು ಕೆಂಪನ್ನು ಮುಚ್ಚಿಕೊಂಡೇ ಇರುತ್ತಿತ್ತು, ತೋರುಬೆರಳು ಹಸಿರನ್ನು ಒತ್ತುತ್ತಿತ್ತು. ಅವಳು ಕೇಳುತ್ತಾಳೆ ಎಂಬುದು ಅವನಿಗೆ ತೋಚಲಿಲ್ಲ. ಅವಳಿಗೆ ಮುಖವಿದೆ ಎಂಬುದೇ ಅವನಿಗೆ ಹೊಸ ವಿಷಯ.

ಒಮ್ಮೆ ಫೋನು ಕೈಗವಸು ಖರೀದಿಗೆ ಎಂದಿತು. ಅವಳು ತನ್ನ ಕೈ ನೋಡಿಕೊಂಡಳು.

"ಇದು ನಮಗಾ ಸಾರ್?"

"ಡಾಕ್ಟರುಗಳಿಗೆ. ಮೇಲೆ ನೋಡು."

ಅವಳು ಮೇಲೆ ನೋಡಿದಳು. ಅವನು ಹಸಿರು ಒತ್ತಿದ.

ಗೋಡೆಯ ಮಾತು ಬಂದದ್ದು ಆಮೇಲೆ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಹಣ ಕೊಡುವವರಿಗೆಂದು ಹೊಸ ಕೋಣೆಗಳಾದವು. ಅವುಗಳ ಕಿಟಕಿ ತೆರೆದರೆ ಓಣಿ. ಹಗ್ಗದ ಮೇಲಿನ ಬಟ್ಟೆ, ಮೀಯುವ ಮಕ್ಕಳು, ಬಕೆಟ್ ಹಿಡಿದು ನಲ್ಲಿಗೆ ಬರುವ ಹೆಂಗಸರು. ನೋಡಿದರೆ ಕಾಯಿಲೆ ಹೆಚ್ಚಾಗುತ್ತದೆ ಎಂದು ಕೋಣೆಯ ರೋಗಿಗಳು ದೂರಿದರು. ಮಂಡಳಿ ಸೌಂದರ್ಯದ ದೃಷ್ಟಿಯಿಂದ ವಿಷಯವನ್ನು ಪರಿಶೀಲಿಸಿತು. ಎತ್ತರದ ಗೋಡೆ ಕಟ್ಟಿ ಬಳ್ಳಿ ಹಬ್ಬಿಸುವುದೆಂದಾಯಿತು. ಹಿಂಬಾಗಿಲು ಗೋಡೆಯ ಸಾಲಿನಲ್ಲೇ ಬರುತ್ತಿತ್ತು. ನೀರಿಗೆ ಏನು ಮಾಡುತ್ತಾರೆ ಎಂದು ಯಾರೋ ಕೇಳಿದರಂತೆ. ಆ ಪ್ರಶ್ನೆಯನ್ನು ಮುಂದಿನ ಸಭೆಗೆ ಇಟ್ಟುಕೊಂಡರು. ಸದಸ್ಯರೆಲ್ಲರೂ ಹಾಜರಿದ್ದರು ಎಂದು ಪುಸ್ತಕ ಹೇಳುತ್ತದೆ. ಅಂದು ಕಿಟಕಿ ಮುಚ್ಚಿತ್ತು ಎಂದು ಸೊಸೆ ಹೇಳುತ್ತಾಳೆ.

ಹಿಂಭಾಗದ ಸುಧಾರಣೆ ಎಂದು ಬರೆದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗುಮಾಸ್ತ ಹಾಗೆಯೇ ಬರೆಯಲು ಕೂತಿದ್ದ. ಖಜಾಂಚಿ ಬಿಡಲಿಲ್ಲ. ಹಿಂದೊಮ್ಮೆ ಸುಧಾರಣೆ ಎಂದು ಬರೆದ ಹಣ ಅಧ್ಯಕ್ಷರ ಕೋಣೆಯ ನೆಲಹಾಸು ಆಗಿತ್ತು. ಈ ಸಲ ಒಂದಕ್ಷರ ಬಿಡದಂತೆ ಬರೆಯಬೇಕು, ಇಲ್ಲದಿದ್ದರೆ ತಾನು ತಲೆಯಾಡಿಸುವುದಿಲ್ಲ ಎಂದು ಪಟ್ಟು ಹಿಡಿದರು. ತನ್ನ ಮೇಲೆ ಅನುಮಾನವೇ ಎಂದು ಅಧ್ಯಕ್ಷರು ಸಿಟ್ಟಾಗಿ, ಬರಿ, ಎಲ್ಲ ಬರಿ ಎಂದರು. ಗುಮಾಸ್ತ ಎಲ್ಲ ಬರೆದ. ಆ ಇಬ್ಬರು ದೊಡ್ಡವರು ಜಗಳವಾಡಿಕೊಂಡು ಸತ್ಯ ಬರೆಸಿದ್ದು ಅದೊಂದೇ ಸಲ.

ಆ ದಿನ ಬೆಳಿಗ್ಗೆಯೇ ಇಟ್ಟಿಗೆ ಬಂದು ಹಿಂಬಾಗಿಲಿನ ಬಳಿ ರಾಶಿ ಬಿದ್ದಿತ್ತು. ಗಾರೆಯವರು ಬಂದು ಕೂತಿದ್ದರು. ಮುಂಗಡ ಬಾರದೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ, ಸಂಜೆಯೊಳಗೆ ಬಾರದಿದ್ದರೆ ಬೇರೆ ಕೆಲಸಕ್ಕೆ ಹೋಗೋಣ ಎಂದು ಗುತ್ತಿಗೆದಾರ ಹೇಳಿದ್ದ. ಇಟ್ಟಿಗೆ ಯಾತಕ್ಕೆಂದು ಓಣಿಯವರು ಕೇಳಿದರು. ಗಾರೆಯವನಿಗೆ ಗೊತ್ತಿತ್ತು. ಹೇಳಲು ನಾಲಗೆ ಏಳಲಿಲ್ಲ ಎಂದು ಈಗ ಹೇಳುತ್ತಾನೆ. ಆಗ ಏನೋ ಕಟ್ಟೆ ಎಂದನಂತೆ.

ಮೋರಿಯಕ್ಕ ಗುಂಡಿಯಲ್ಲಿದ್ದಳು. ಎದೆಯವರೆಗೆ ನೀರು. ಕೊಳವೆಯೊಳಗೆ ಬಲಗೈ. ಗುಮಾಸ್ತ ಬಂದ, ಚೊಂಬಿನಿಂದ ಸುರಿದ. ಅವಳು ಮುಖ ಎತ್ತಿ ತೊಳೆದುಕೊಂಡಳು. ಫೋನು ಹೇಳಿತು. ಮಾನ್ಯ ಸದಸ್ಯರೇ, ಹಿಂಬಾಗಿಲನ್ನು ಶಾಶ್ವತವಾಗಿ ಮುಚ್ಚಿ ಓಣಿಯ ಉದ್ದಕ್ಕೂ ಗೋಡೆ ಕಟ್ಟುವ ಕೆಲಸಕ್ಕಾಗಿ ಗುತ್ತಿಗೆದಾರರಿಗೆ ಮುಂಗಡ. ತಾವು ಒಪ್ಪುವಿರಾ? ದಯವಿಟ್ಟು ತಮ್ಮ ಮುಖ ತೋರಿಸಿ.

ಅವಳು ಇಟ್ಟಿಗೆ ನೋಡಿದಳು. ಬಾಗಿಲು ನೋಡಿದಳು. ನಲ್ಲಿಯ ಹತ್ತಿರ ಒಂದು ಕೈ ಸೊಂಟಕ್ಕೆ ಕೊಟ್ಟು ಸೊಸೆ ಬಕೆಟ್ ತುಂಬಿಸುತ್ತಿದ್ದಳು. ಅವಳನ್ನೂ ನೋಡಿದಳು.

ಆಮೇಲೆ ಕಣ್ಣು ಮುಚ್ಚಿದಳು.

ದಯವಿಟ್ಟು ಕಣ್ಣು ತೆರೆದು ನೋಡಿ ಎಂದಿತು ಫೋನು. ಮುಚ್ಚಿದ ಕಣ್ಣಿನ ಮುಖಕ್ಕೆ ಅದು ಹಸಿರನ್ನೂ ಕೊಡದು, ಕೆಂಪನ್ನೂ ಕೊಡದು.

"ಏನಕ್ಕಾ, ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದ ಗುಮಾಸ್ತ.

"ಇಲ್ಲ."

"ಮತ್ತೆ ಕಣ್ಣು ಬಿಡು."

"ಬಿಡಲ್ಲ."

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಇನ್ನೊಂದು ಚೊಂಬು ನೀರು ತಂದ. ಇದು ಸುಮ್ಮನೆ ಶಾಸ್ತ್ರಕ್ಕೆ, ದೊಡ್ಡವರು ಆಗಲೇ ತೀರ್ಮಾನ ಮಾಡಿಯಾಗಿದೆ, ನಿನ್ನ ಕಣ್ಣಿಂದ ಏನೂ ಆಗಬೇಕಾದ್ದಿಲ್ಲ ಎಂದು ತಿಳಿಹೇಳಿದ. ಆಗಬೇಕಾದ್ದಿಲ್ಲ ಅಂದ್ರೆ ಹೋಗಿ ಸಾರ್, ಇಲ್ಲದೇನೆ ಮಾಡ್ಕೊಳ್ಳಿ ಎಂದಳು. ಕಣ್ಣು ಮುಚ್ಚಿಕೊಂಡೇ ಕೊಳವೆಗೆ ಕೈ ಹಾಕಿ ಕೆಲಸ ಮುಂದುವರಿಸಿದಳು. ಆ ಕೆಲಸಕ್ಕೆ ಕಣ್ಣು ಬೇಕಾಗಿರಲಿಲ್ಲ.

ಗುಮಾಸ್ತ ಓಡಿದ. ಖಜಾಂಚಿ ಬಂದರು. ಆಮೇಲೆ ಅಧ್ಯಕ್ಷರೂ ಬಂದರು. ಅವರಿಬ್ಬರೂ ಹಿತ್ತಲಿಗೆ ಕಾಲಿಟ್ಟದ್ದನ್ನು ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ. ಅಧ್ಯಕ್ಷರು ಪ್ಯಾಂಟು ಮೇಲೆತ್ತಿ ಹಿಡಿದು, ಒಣಗಿದ ಜಾಗ ಹುಡುಕಿಕೊಂಡು ನಡೆದರಂತೆ. ಓಣಿಯವರು ತಗಡಿನ ಕದದ ಸುತ್ತ ಸೇರಿದರು. ಗಾರೆಯವರು ಇಟ್ಟಿಗೆಯ ರಾಶಿ ಹತ್ತಿ ಕೂತರು.

ಮೊದಲು ಒಳ್ಳೆಯ ಮಾತಾಯಿತು. ಸಂಸ್ಥೆ ಎಂದರೆ ಒಂದು ಕುಟುಂಬ, ನೀನು ಅದರ ತಾಯಿಯ ಹಾಗೆ ಎಂದು ಅಧ್ಯಕ್ಷರು ಗುಂಡಿಯೊಳಗೆ ಹೇಳಿದರು. ನಾನು ತಾಯಿಯಾದ್ರೆ ನನ್ನ ಸೊಸೆ ಹೆರೋದೆಲ್ಲಿ ಎಂದು ತಾಯಿ ಕೇಳಿದಳು. ಮುಂಬಾಗಿಲಿಂದ ಬರಲಿ ಎಂದರು. ಓಣಿಯ ಕಡೆಯಿಂದ ಒಂದು ನಗು ಬಂತು. ಅಧ್ಯಕ್ಷರಿಗೆ ಆ ನಗುವಿನ ಕಾರಣ ನಿಜವಾಗಿಯೂ ತಿಳಿಯಲಿಲ್ಲ ಎಂದು ಗಾರೆಯವನು ಹೇಳುತ್ತಾನೆ. ಅವರು ಮುಂಬಾಗಿಲಲ್ಲಿ ಎಂದೂ ನಿಲ್ಲಬೇಕಾಗಿರಲಿಲ್ಲ.

ಆಮೇಲೆ ಕೆಟ್ಟ ಮಾತಾಯಿತು. ಕೆಲಸದಿಂದ ತೆಗೆಯುತ್ತೇವೆ, ಮನೆ ಖಾಲಿ ಮಾಡಿಸುತ್ತೇವೆ, ತಿಂದ ಮನೆಗೇ ಎರಡು ಬಗೆಯುತ್ತೀಯಾ ಎಂದು ಖಜಾಂಚಿ ಶುರು ಮಾಡಿದರು. ಆ ಬೈಗುಳದ ಉಳಿದ ಭಾಗ ಮೂವರಲ್ಲಿ ಮೂರು ಬಗೆಯಾಗಿದೆ, ಬರೆಯುವಂಥದ್ದಲ್ಲ. ಮೋರಿಯಕ್ಕ ಕೈ ಹೊರಗೆಳೆದಳು. ಕೈತುಂಬ ಕೊಳೆತ ಹತ್ತಿ ಬಂದಿತ್ತು. ಅಂದಾಜಿನ ಮೇಲೆ ಅಂಚಿಗೆ ಎಸೆದಳು. ಅದು ಖಜಾಂಚಿಯವರ ಬೂಟಿನ ಪಕ್ಕ ಬಿತ್ತು. ಬೂಟಿನ ಮೇಲೇ ಬಿತ್ತು ಎನ್ನುತ್ತಾಳೆ ಬಟ್ಟೆ ಒಗೆಯುವವಳು. ಮಾತು ಅಲ್ಲಿಗೆ ನಿಂತಿತು ಎಂಬುದರಲ್ಲಿ ಭೇದವಿಲ್ಲ.

ಆಗ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು.

"ರೆಪ್ಪೆ ಎತ್ತಿ ಹಿಡಿರಿ. ಒಂದು ಕ್ಷಣ ಸಾಕು."

ಯಾರು ಹಿಡಿಯಬೇಕೆಂದು ಹೇಳಲಿಲ್ಲ. ಖಜಾಂಚಿಯವರ ಕಡೆ ನೋಡಿದರು. ಖಜಾಂಚಿ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಕಾವಲುಗಾರನನ್ನು ಕರೆಸಿದ. ಕಾವಲುಗಾರ ಅಂಚಿಗೆ ಬಂದು, ಬಗ್ಗಿ, ಮೂಗು ಹಿಡಿದು ನೆಟ್ಟಗಾದ. ತನ್ನ ಕೆಲಸ ಬಾಗಿಲು ಕಾಯುವುದು ಮಾತ್ರ ಎಂದ. ಗುಮಾಸ್ತ ಗಾರೆಯವರ ಕಡೆ ತಿರುಗಿದ. ಮುಂಗಡ ಬರದೆ ಏನನ್ನೂ ಮುಟ್ಟಬಾರದೆಂದು ನಮಗೆ ಹೇಳಿದೆ ಎಂದ ಗಾರೆಯವನು.

ಗುಂಡಿಯ ಸುತ್ತ ಅಷ್ಟು ಜನ ನಿಂತಿದ್ದರು. ನಡುವೆ ಒಂದು ಮುಖ. ಕೈ ಚಾಚಿದರೆ ಸಿಗುವ ಹಾಗಿತ್ತು. ತಲೆಮಾರುಗಟ್ಟಲೆ ಅವಳ ಜನವನ್ನು ಮುಟ್ಟದೆ ದೂರ ಇಟ್ಟಿದ್ದವರು ಅವಳನ್ನು ಮುಟ್ಟಲಾರದೆ ನಿಂತರು. ಬೇರೆ ಯಾರದೇ ಮುಖವಾಗಿದ್ದರೂ ಹಿಡಿದು ರೆಪ್ಪೆ ಬಿಡಿಸುತ್ತಿದ್ದರು. ಅವಳ ಮೈಮೇಲಿನ ಹೊಲಸು ಅವರದೇ ವಾರ್ಡುಗಳದ್ದು. ಅಂದು ಅದು ಅವಳಿಗೆ ಕೋಟೆಯಾಯಿತು.

ಹೀಗೆಯೇ ಹೊತ್ತು ಹೋಯಿತು. ಅವಳ ಕಾಲು ಮರಗಟ್ಟಿತು. ತುಟಿ ನೀಲಿಯಾಯಿತು. ರೆಪ್ಪೆ ನಡುಗತೊಡಗಿತು. ಸುಮ್ಮನಿರಿ, ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತಾಳೆ, ಕಣ್ಣು ಬಿಟ್ಟ ಕೂಡಲೇ ಹಿಡಿ ಎಂದು ಅಧ್ಯಕ್ಷರು ಗುಮಾಸ್ತನಿಗೆ ಪಿಸುಗುಟ್ಟಿದರು. ಅವನು ಫೋನು ಚಾಚಿಕೊಂಡು, ಹೆಬ್ಬೆರಳು ತನ್ನ ಜಾಗದಲ್ಲಿಟ್ಟುಕೊಂಡು ಕಾದ. ಅವರು ಹೇಳಿದ್ದು ಅವಳಿಗೆ ಕೇಳಿಸಿತು. ಅವಳಿಗೆ ಯಾವಾಗಲೂ ಕೇಳಿಸುತ್ತಿತ್ತು.

ಕದದ ಹತ್ತಿರದಿಂದ ಸೊಸೆ ಒಂದೇ ಮಾತು ಅಂದಳು.

"ಅತ್ತೆ, ಮೇಲೆ ಬನ್ನಿ. ನಾನು ಎಲ್ಲೋ ಹೆರ್ತೀನಿ. ನಿಮ್ಮ ಕಾಲು ಹೋಗತ್ತೆ."

ಇದನ್ನು ಇತರರಿಬ್ಬರು ಹೇಳುತ್ತಾರೆ, ಸೊಸೆ ತಾನಾಗಿ ಹೇಳುವುದಿಲ್ಲ.

ಮೋರಿಯಕ್ಕ ಗುಂಡಿಯ ಅಂಚು ತಡವಿ ಹಿಡಿದಳು. ಒಂದು ಮಂಡಿ ಮೇಲೆ ಹಾಕಿದಳು. ಮೇಲೆ ಬಂದಳು. ಎಲ್ಲರೂ ಹಿಂದೆ ಸರಿದರು. ನೀರು ಸುರಿಯುತ್ತ, ಕಣ್ಣು ಮುಚ್ಚಿಕೊಂಡು ನಿಂತಳು. ಬಲಗೈ ಮುಂದೆ ಚಾಚಿದಳು.

"ಕೈಗೆ ಕೊಡಿ. ನಾನೇ ಒತ್ತುತೀನಿ."

ಅಧ್ಯಕ್ಷರ ಮುಖ ಅರಳಿತು. ನೋಡಿದಿರಾ, ಬುದ್ಧಿ ಹೇಳಿದರೆ ಕೇಳುತ್ತಾರೆ ಎಂದರು. ಗುಮಾಸ್ತ ಅನುಮಾನಿಸಿದ. ಫೋನು ಹೊಲಸಾಗುತ್ತದೆ ಎಂದ. ಆಮೇಲೆ ತೊಳೆಸೋಣ, ಕೊಡು ಎಂದರು. ಅವನು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಅವಳ ಅಂಗೈ ಮೇಲೆ ಬಿಟ್ಟ. ಮಾನ್ಯ ಸದಸ್ಯರ ಫೋನು ಮಾನ್ಯ ಸದಸ್ಯರ ಕೈಗೆ ಬಂದದ್ದು ಆಗಲೇ.

ಅವಳು ಕಣ್ಣು ಬಿಟ್ಟಳು.

ಬೆಳಕು ಚುಚ್ಚಿತು. ನೀರು ಬಂತು. ರೆಪ್ಪೆ ಬಡಿದು ಫೋನನ್ನು ನೋಡಿದಳು. ಫೋನು ಅವಳನ್ನು ನೋಡಿ ಗುರುತಿಸಿತು. ಎರಡು ಗುರುತು ಮೂಡಿದವು. ಯಾರ ಹೆಬ್ಬೆರಳೂ ಅಡ್ಡ ಇರಲಿಲ್ಲ. ಕೆಂಪು ಇಷ್ಟು ದೊಡ್ಡದಾಗಿರತ್ತೆ ಅಂತ ಗೊತ್ತಿರಲಿಲ್ಲ ಎಂದು ಅವಳು ಆಮೇಲೆ ಓಣಿಯಲ್ಲಿ ಹೇಳಿದಳಂತೆ. ಸೂಜಿ ಚುಚ್ಚಿ ಸೊಟ್ಟಗಾದ ಬೆರಳಿನಿಂದ ಅದನ್ನು ಒತ್ತಿದಳು. ಬೆರಳು ಒದ್ದೆಯಿತ್ತು, ಹಿಡಿಯಲಿಲ್ಲ. ಕೆನ್ನೆಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು.

ತಮ್ಮ ನಿರಾಕರಣೆಯನ್ನು ದಾಖಲಿಸಲಾಗಿದೆ ಎಂದಿತು ಫೋನು. ಧನ್ಯವಾದಗಳು ಎಂದಿತು.

ಗಾರೆಯವನು ಇಟ್ಟಿಗೆಯ ರಾಶಿಯಿಂದ ಇಳಿದು ಬಟ್ಟೆ ಕೊಡವಿಕೊಂಡ. ಮೋರಿಯಕ್ಕ ಫೋನನ್ನು ಗುಮಾಸ್ತನ ಕಡೆ ಚಾಚಿದಳು. ಅವನು ಕೈ ಹಿಂದೆ ಕಟ್ಟಿಕೊಂಡ. ಖಜಾಂಚಿಯವರ ಕಡೆ ಚಾಚಿದಳು. ಅವರು ಬೂಟು ನೋಡಿಕೊಂಡರು. ಅಧ್ಯಕ್ಷರ ಕಡೆ ಚಾಚಿದಳು. ಹೊಲಸು ಅವರ ಕಣ್ಣೆದುರಿಗೇ ತೊಟ್ಟಿಕ್ಕುತ್ತಿತ್ತು.

"ಯಾರಿಗೂ ಬೇಡವಾ?" ಎಂದಳು.

ಆಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ತೊಳೆಯಲು ನಲ್ಲಿಗೆ ಹೋದಳು.

ಫೋನನ್ನು ಗುಂಡಿಗೆ ಎಸೆದಳು ಎಂದೂ ಓಣಿಯಲ್ಲಿ ಕೆಲವರು ಹೇಳುವುದುಂಟು. ಕಣ್ಣಾರೆ ಕಂಡವರು ಯಾರೂ ಹಾಗೆ ಹೇಳಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ. ಎಸೆಯುವುದರಿಂದ ಅವಳಿಗೆ ಲಾಭವೂ ಇರಲಿಲ್ಲ.

ಮರುದಿನ ಅವಳನ್ನು ಮೋರಿ ಕೆಲಸದಿಂದ ತೆಗೆದರು. ಬಾಯಿಮಾತಿನಲ್ಲಿ ತೆಗೆದರು, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅವಳೀಗ ಊರಿನ ಇನ್ನೊಂದು ತುದಿಯಲ್ಲಿ ಬೇರೆಯವರ ಮೋರಿಗೆ ಇಳಿಯುತ್ತಾಳೆ, ಕೂಲಿ ಕಡಿಮೆ, ನಡೆಯುವುದು ಹೆಚ್ಚು. ಮಂಡಳಿಯಿಂದ ತೆಗೆಯುವುದು ಅಷ್ಟು ಸುಲಭವಾಗಲಿಲ್ಲ. ಕಾರಣ ಬರೆದು ದಾನಿಗಳಿಗೆ ಕಳಿಸಬೇಕಿತ್ತು. ಒಪ್ಪಿಗೆ ಕೇಳಿದಾಗ ಒಪ್ಪಲಿಲ್ಲ ಎಂಬ ಕಾರಣವನ್ನು ಮರ್ಯಾದೆಯಾಗಿ ಬರೆಯುವುದು ಹೇಗೆಂದು ಗುಮಾಸ್ತನಿಗೆ ತಿಳಿಯಲಿಲ್ಲ. ಅವಳ ಜಾಗಕ್ಕೆ ಬೇರೆ ಹೆಸರು ಬ್ಯಾಂಕಿಗೆ ಕೊಡಬಹುದಿತ್ತು. ಅದಕ್ಕಾಗಿ ಅಧ್ಯಕ್ಷರೂ ಖಜಾಂಚಿಯವರೂ ಒಂದು ಹೆಸರಿಗೆ ಒಪ್ಪಬೇಕು. ಆ ಸಭೆ ಇನ್ನೂ ನಡೆಯುತ್ತಿದೆ. ಅಲ್ಲಿಯವರೆಗೆ ಔಷಧಕ್ಕಾಗಲಿ, ವಿದ್ಯುತ್ತಿಗಾಗಲಿ, ಅತಿಥಿಗಳ ಊಟಕ್ಕಾಗಲಿ ಅವಳ ಮುಖವೇ ಬೇಕು. ಔಷಧಕ್ಕೂ ವಿದ್ಯುತ್ತಿಗೂ ಅವಳು ಹಸಿರು ಒತ್ತುತ್ತಾಳೆ. ಅತಿಥಿಗಳ ಊಟಕ್ಕೆ ಒತ್ತುವ ಮುಂಚೆ ಯಾರು ಬಂದಿದ್ದರು, ಏನು ತಿಂದರು ಎಂದು ಕೇಳುತ್ತಾಳೆ. ಗುಮಾಸ್ತ ಹೇಳುತ್ತಾನೆ.

ಸೊಸೆಯನ್ನು ನಾನು ಕೊನೆಗೆ ಕಂಡೆ. ಆ ವಾರವೇ ನೋವು ಕಾಣಿಸಿಕೊಂಡಿತ್ತು ಎಂದಳು.

"ಅತ್ತೆ ತೋಳು ಹಿಡ್ಕೊಂಡ್ರು. ಇಟ್ಟಿಗೆ ರಾಶಿ ಅಡ್ಡ ಇತ್ತು, ಬಳಸ್ಕೊಂಡು ಹೋದ್ವಿ. ಬಾಗಿಲು ದಾಟಿದ್ವಿ. ಅಷ್ಟೇ."

ಮಗು ಅವಳ ಸೊಂಟದ ಮೇಲಿತ್ತು, ಅವಳ ಕೂದಲು ಎಳೆಯುತ್ತಿತ್ತು. ಇಟ್ಟಿಗೆ ಇನ್ನೂ ಅಲ್ಲೇ ಬಿದ್ದಿದೆಯಲ್ಲ, ಇವತ್ತಲ್ಲ ನಾಳೆ ಆ ಗೋಡೆ ಕಟ್ಟುವುದಿಲ್ಲವೇ ಎಂದು ಕೇಳಿದೆ. ಅವಳು ಮಗುವಿನ ಮುಷ್ಟಿಯಿಂದ ಕೂದಲು ಬಿಡಿಸಿಕೊಂಡಳು.

"ಕಟ್ಟಬಹುದು," ಎಂದಳು. "ಆದ್ರೆ ಇಲ್ಲಿಗೆ ಬಂದು ಅತ್ತೇನ ಕೇಳ್ಬೇಕು."